ಶಾಲೆಯ ಮಾಡಿಗೂ ಒಂದು ಸವಕಳಿ ನಿಧಿ ಬೇಕು

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಪರವಾಗಿ ಮಾಡಿದ ಭಾಷಣ)



1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪದ ಬಗ್ಗೆ ಹಿರಿಯರು ಆಗಲೇ ಹೇಳಿದ್ದಾರೆ. ನಾವು ಹೇಳಹೊರಟಿರುವುದು ನಮ್ಮೂರ ಶಾಲೆಯ ಮಾಡಿನ ವಿಷಯ. “ಹಬ್ಬದ ದಿನ ಇದೆಂಥ ಸೋರುವ ಮಾಡಿನ ಮಾತು ಮಾರಾಯ್ರೆ” ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಸೋರುವ ಮಾಡಿಗೆ ಹಬ್ಬ ಹುಣ್ಣಿಮೆ ಗೊತ್ತಿಲ್ಲ.

ಮೊದಲು ನಮ್ಮದೇ ತಪ್ಪು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಶಾಲೆಯ ವಾರ್ಷಿಕೋತ್ಸವಕ್ಕೆಂದು ಗೋಡೆಗೆ ಬಣ್ಣ ಹೊಡೆಸಿದೆವು. ನಾಲ್ಕನೇ ತರಗತಿಯ ಕೋಣೆಯ ಮೇಲೆ ಎರಡು ಹಂಚು ಒಡೆದಿದ್ದು ನಮಗೆ ಗೊತ್ತಿತ್ತು. “ಬರೋ ವರ್ಷ ನೋಡಿದ್ರಾಯ್ತು” ಎಂದು ಕೆಳಗೊಂದು ಬಕೆಟ್ ಇಟ್ಟೆವು. ಮೂರು ಮಳೆಗಾಲ ಹಾಗೇ ಕಳೆಯಿತು. ನೀರು ಕುಡಿದ ರೀಪು ಕುಂಬಾಯಿತು, ಪಕಾಸಿಗೆ ಒರಲೆ ಹತ್ತಿತು, ಹಂಚು ಜಾರಿತು. ಆರಿದ್ರಾ ಮಳೆಯ ಒಂದು ರಾತ್ರಿ ಆ ಮೂಲೆಯ ಮಾಡು ಕುಸಿದೇಬಿಟ್ಟಿತು. ಬೆಳಿಗ್ಗೆ ಹೋಗಿ ನೋಡಿದರೆ ಹಂಚಿನ ಚೂರು ಬಿದ್ದಿದ್ದು ಮಕ್ಕಳು ಕೂರುವ ಜಾಗದಲ್ಲೇ. ಹಗಲು ಬಿದ್ದಿದ್ದರೆ? ಈಗಲೂ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ಆ ವರ್ಷವಿಡೀ ಎರಡು ತರಗತಿ ಒಂದೇ ಕೋಣೆಯಲ್ಲಿ ಕೂತವು. ಕೆಲವು ತಂದೆತಾಯಿಗಳು ಮಕ್ಕಳನ್ನು ಪೇಟೆಯ ಶಾಲೆಗೆ ಹಾಕಿದರು. ಅವರನ್ನು ದೂರುವ ಹಾಗಿಲ್ಲ.

ಈಗ ಸಂಘದ ಸದಸ್ಯರಿಗೆ ಒಂದು ಪ್ರಶ್ನೆ. ಪ್ರತಿ ಮಹಾಸಭೆಯಲ್ಲಿ ಓದುವ ಜಮಾ-ಖರ್ಚಿನಲ್ಲಿ “ಕಟ್ಟಡ ಸವಕಳಿ” ಎಂದು ಒಂದು ಮೊಬಲಗು ಕಳೆಯುತ್ತಾರಲ್ಲ, ಅದು ಯಾಕೆ? ಗೋದಾಮು ನಿಂತಲ್ಲೇ ಸವೆಯುತ್ತದೆ ಎಂಬುದು ನಮ್ಮ ಗುಮಾಸ್ತರಿಗೂ ಗೊತ್ತು, ಲೆಕ್ಕ ಪರಿಶೋಧಕರಿಗೂ ಗೊತ್ತು. ಶಾಲೆಯ ಮಾಡೂ ಹಾಗೇ ವರ್ಷ ವರ್ಷ ಸವೆಯುತ್ತದೆ. ಆದರೆ ಅದನ್ನು ಯಾವ ಪುಸ್ತಕದಲ್ಲೂ ಯಾರೂ ಬರೆಯುವುದಿಲ್ಲ. ಗೊಬ್ಬರದ ಮೂಟೆ ನೆನೆಯಬಾರದೆಂದು ತೋರಿಸುವ ಕಾಳಜಿಯನ್ನು ಮಕ್ಕಳ ತಲೆಯ ಮೇಲಿನ ಮಾಡಿಗೆ ನಾವು ತೋರಿಸಿಲ್ಲ.

“ಅದು ಸರಕಾರದ ಕೆಲಸ ಅಲ್ವಾ?” ಎಂದು ಕೇಳುವವರಿದ್ದಾರೆ. ನಿಜ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಶಾಲೆಗೆ ಎಲ್ಲ ಹವಾಮಾನ ತಡೆಯುವ ಕಟ್ಟಡ ಇರಬೇಕೆಂದಿದೆ. ಆ ಹಕ್ಕನ್ನು ನಾವು ಬಿಡಬಾರದು, ಅರ್ಜಿ ಹಾಕುತ್ತಲೇ ಇರಬೇಕು. ಆದರೆ 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ವಾರ್ಷಿಕ ಅನುದಾನ ಮಕ್ಕಳ ಸಂಖ್ಯೆ ನೋಡಿ ಬರುತ್ತದೆ. ಮಕ್ಕಳು ಕಡಿಮೆಯಾದರೆ ಅನುದಾನ ಕಡಿಮೆಯಾಗಬಹುದು, ಮಾಡಿನ ಉದ್ದಗಲ ಮಾತ್ರ ಕಡಿಮೆಯಾಗುವುದಿಲ್ಲ! ಹಾಗಾಗಿ ಅರ್ಜಿ ಒಂದು ಕಡೆ ಇರಲಿ, ನಮ್ಮ ಯೋಜನೆ ಇನ್ನೊಂದು ಕಡೆ ಇರಲಿ.

ಯೋಜನೆ ಎಂದರೆ ದೊಡ್ಡ ಮಾತಲ್ಲ. ಅನುಭವದಿಂದ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇವೆ.

1. ಮಾಡಿಗೊಂದು ಪುಸ್ತಕ ಇಡೋಣ. ಯಾವ ಕೋಣೆ, ಎಂಥ ಮಾಡು, ಯಾವ ವರ್ಷ ಏನು ರಿಪೇರಿ, ಎಷ್ಟು ಖರ್ಚು ಎಲ್ಲ ಬರೆದಿಡಬೇಕು. ಸಮಿತಿ ಬದಲಾದರೂ ಪುಸ್ತಕ ಉಳಿಯುತ್ತದೆ.

2. ಸೋರಿಕೆ ಹುಡುಕುವುದು ಮಳೆಗಾಲದಲ್ಲಿ, ಸರಿಪಡಿಸುವುದು ಬೇಸಿಗೆಯಲ್ಲಿ. ಜಡಿಮಳೆ ಹಿಡಿದ ದಿನ ಕೋಣೆ ಕೋಣೆ ನೋಡಿ, ಹನಿ ಬೀಳುವ ಕಡೆ ಗುರುತು ಹಾಕಬೇಕು. ಒಂದು ನೆನಪಿಡಿ: ಹನಿ ಬಿದ್ದ ನೇರಕ್ಕೇ ಹಂಚು ಒಡೆದಿರಬೇಕೆಂದಿಲ್ಲ. ನೀರು ಪಕಾಸಿನ ಗುಂಟ ಇಳಿದು ಬರುತ್ತದೆ, ಮೇಲ್ಗಡೆ ಹುಡುಕಬೇಕು. ವಿದ್ಯುತ್ ತಂತಿಯ ಹತ್ತಿರ ಸೋರಿದರೆ ಮೊದಲು ಮೇನ್ ಸ್ವಿಚ್ ಆರಿಸಿ.

3. ಏಪ್ರಿಲ್ ರಜೆಯಲ್ಲಿ ಹಂಚು ಕೈಯಾಡಿಸಿ, ಒಣ ಎಲೆ ತೆಗೆದು, ಎರಡು ಮಾಡು ಕೂಡುವಲ್ಲಿನ ತಗಡಿನ ದೋಣಿ ಚೊಕ್ಕ ಮಾಡಿ, ಮಾಡಿನ ಮೇಲೆ ಚಾಚಿದ ಕೊಂಬೆ ಕಡಿಸಬೇಕು. ಮೃಗಶಿರಾ ಮಳೆ ಹಿಡಿಯುವ ಮೊದಲೇ ಎಲ್ಲ ಮುಗಿಯಬೇಕು. ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ನೋಡಬೇಕು. ಮಾಡು ಹತ್ತುವುದು ಕೆಲಸ ಬಲ್ಲವರು ಮಾತ್ರ. ಮಕ್ಕಳನ್ನಾಗಲೀ ಮಾಸ್ತರರನ್ನಾಗಲೀ ಹತ್ತಿಸಬಾರದು.

4. ಹಂಚಿನ ದಾಸ್ತಾನು ಬೇಕು. ಮಂಗಳೂರು ಹಂಚಿನ ಗುಣವೆಂದರೆ ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಆದರೆ ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಊರಲ್ಲಿ ಯಾರಾದರೂ ಹಳೇ ಮನೆ ಬಿಚ್ಚುವಾಗ ಅದೇ ಅಚ್ಚಿನ ಹಂಚಿದ್ದರೆ ಶಾಲೆಗೆ ಕೊಡಿ. ನಮ್ಮಲ್ಲಿ ಮಂಗಗಳಿಗೇನೂ ಬರಗಾಲವಿಲ್ಲ, ಬೇಕೇಬೇಕಾಗುತ್ತದೆ!

5. ಆರ್‌ಸಿಸಿ ಕೋಣೆಯನ್ನು ಮರೆಯಬಾರದು. ತಾರಸಿ ಶಾಶ್ವತ ಎಂಬುದು ಭ್ರಮೆ. ನೀರು ಹೋಗುವ ಕೊಳವೆಗೆ ಎಲೆ ಕಟ್ಟಿದರೆ ನೀರು ನಿಲ್ಲುತ್ತದೆ, ಒಳಗಿಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಗಾರೆ ಉದುರಿ ಸರಳು ಕಂಡರೆ ಮೇಲೆ ಸಿಮೆಂಟ್ ಮೆತ್ತಿ ಮುಚ್ಚಬೇಡಿ. ಕೋಣೆಗೆ ಬೀಗ ಹಾಕಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದು, ಇಂಜಿನಿಯರರನ್ನು ಕರೆಸಿ.

ಕೊನೆಯದಾಗಿ ಹಣದ ಮಾತು. ಲೆಕ್ಕಕ್ಕೆಂದು ಹೇಳುತ್ತೇವೆ: 400 ಸದಸ್ಯರು ವರ್ಷಕ್ಕೆ 50 ರೂಪಾಯಿ ಕೊಟ್ಟರೆ 20,000 ರೂಪಾಯಿ. ಅರ್ಧ ಆ ವರ್ಷದ ಕೈಯಾಡಿಸುವ ಕೆಲಸಕ್ಕೆ, ಇನ್ನರ್ಧ ನಮ್ಮ ಸಂಘದಲ್ಲೇ ಠೇವಣಿ. ಹತ್ತು ವರ್ಷಕ್ಕೆ ಬಡ್ಡಿ ಬಿಟ್ಟು ಒಂದು ಲಕ್ಷ ಕೂಡಿರುತ್ತದೆ. ಮರ ಬದಲಿಸುವ ಕಾಲ ಬಂದಾಗ ಯಾರ ಮನೆ ಬಾಗಿಲಿಗೂ ರಶೀದಿ ಪುಸ್ತಕ ಹಿಡಿದು ಓಡಬೇಕಾಗಿಲ್ಲ. ಕಾಯ್ದೆ ಮತ್ತು ಉಪವಿಧಿಗಳು ಒಪ್ಪುವ ಮಿತಿಯಲ್ಲಿ ಸಂಘವೂ ಲಾಭದಲ್ಲಿ ಒಂದು ಪಾಲು ಸೇರಿಸಲಿ ಎಂದು ಮಹಾಸಭೆಯನ್ನು ಕೇಳಿಕೊಳ್ಳುತ್ತೇವೆ. ಈ ಹಣ ಬಣ್ಣಕ್ಕೂ ಬೇಡ, ಶಾಮಿಯಾನಕ್ಕೂ ಬೇಡ, ಮಾಡಿಗೆ ಮಾತ್ರ. ಖರ್ಚಿನ ಲೆಕ್ಕ ಪ್ರತಿ ವರ್ಷ ಶಾಲೆಯ ಗೋಡೆಗೆ ಅಂಟಿಸುತ್ತೇವೆ.

ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ಸೋರುವ ಹನಿಯೂ ಹಾಗೇ ಕೂಡುತ್ತದೆ, ಉಳಿಸುವ ಹನಿಯೂ ಹಾಗೇ ಕೂಡುತ್ತದೆ. ಯಾವುದನ್ನು ಕೂಡಿಸಬೇಕೆಂಬುದು ನಮ್ಮ ಕೈಯಲ್ಲಿದೆ. ಸಂಘ ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ ಈ ವೇದಿಕೆಯ ಮೇಲೆ ಇಂದಿನ ನಾಲ್ಕನೇ ತರಗತಿಯ ಮಕ್ಕಳು ನಿಂತಿರುತ್ತಾರೆ. ಆಗಲೂ ಊರಲ್ಲಿ ಶಾಲೆ ಇರಲಿ, ಅದರ ಮಾಡು ಗಟ್ಟಿಯಾಗಿರಲಿ ಎಂದು ಹಾರೈಸುತ್ತೇವೆ.

ಜೈ ಸಹಕಾರ.