ಕೀಲಿಕೈ ಕೊಡುವ ಮೊದಲು ಕಾಗದ



ಅರಸಿನ ಕುಂಕುಮದ ದಿನ ಕಾನೂನಿನ ಮಾತು ಯಾಕೆ ಎಂದು ಒಂದಿಬ್ಬರು ಕೇಳಿದರು. ಇಲ್ಲಿ ಕುಳಿತವರಲ್ಲಿ ಹಲವರಿಗೆ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಒಂದು ಸಣ್ಣ ಫ್ಲ್ಯಾಟ್ ಇದೆ. ಕೆಲವರಿಗೆ ಅದರ ಬಾಡಿಗೆಯೇ ಪಿಂಚಣಿ. ಅದಕ್ಕೇ ಈ ಮಾತು.

ನಾನು ವಕೀಲಳಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯಾಗಿ ಕೆಲವು ವರ್ಷ ಕೆಲಸ ಮಾಡಿದವಳು. ಬಾಡಿಗೆಯ ಜಗಳಗಳೆಲ್ಲ ಮೊದಲು ಬರುವುದು ಸೊಸೈಟಿ ಆಫೀಸಿಗೇ.

ನಮ್ಮವರ ರೂಢಿ ನಿಮಗೆ ಗೊತ್ತು. "ಊರಿನವರೇ, ಪರಿಚಯದವರೇ" ಎಂದು ಕೀಲಿಕೈ ಕೊಟ್ಟುಬಿಡುತ್ತೇವೆ. ಹೆಚ್ಚೆಂದರೆ ಸ್ಟ್ಯಾಂಪ್ ಪೇಪರಿನಲ್ಲಿ ಹನ್ನೊಂದು ತಿಂಗಳ ಕರಾರು, ನೋಟರಿಯ ಮೊಹರು. ಒಂದು ವರ್ಷದೊಳಗಿನ ಕರಾರಿಗೆ ನೋಂದಣಿ ಬೇಡ ಎಂಬ ನಂಬಿಕೆ ಬಂದದ್ದು 1908ರ ನೋಂದಣಿ ಕಾಯ್ದೆಯಿಂದ. ಮಹಾರಾಷ್ಟ್ರದಲ್ಲಿ ಅದು ಸಾಲದು. ಇಲ್ಲಿಯ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಲೀವ್ ಆಂಡ್ ಲೈಸೆನ್ಸ್ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಬೇಕು. ಅವಧಿ ಹನ್ನೊಂದು ತಿಂಗಳಾದರೂ ಅಷ್ಟೇ. ನೋಂದಣಿ ಮಾಡಿಸುವ ಹೊಣೆ ಮಾಲಕರದ್ದು. ತಪ್ಪಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಜೈಲಿನ ಮಾತಿಗಿಂತ ಅದೇ ಕಲಮಿನ ಇನ್ನೊಂದು ಮಾತು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ನೋಂದಾಯಿತ ಕರಾರು ಇಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಸರಿ ಎಂದು ಹಿಡಿಯಲಾಗುತ್ತದೆ. ಅಲ್ಲವೆಂದು ಸಾಬೀತು ಮಾಡಬೇಕಾದವರು ನಾವು. ನಮ್ಮ ಬಿಲ್ಡಿಂಗಿನ ಅಕ್ಕನೊಬ್ಬರಿಗೆ ಹೀಗಾಯಿತು. ಯಜಮಾನರು ತೀರಿಕೊಂಡ ಮೇಲೆ ಒಂದು ರೂಮನ್ನು ಪರಿಚಯದ ಸಂಸಾರಕ್ಕೆ ಕೊಟ್ಟಿದ್ದರು. ಅವರು ಪಡೆದದ್ದು ಐವತ್ತು ಸಾವಿರ ಡಿಪಾಸಿಟ್, ಎಲ್ಲ ನಗದು. ಬಿಡುವಾಗ ಆತ ಕೇಳಿದ್ದು ಎರಡು ಲಕ್ಷ! ತಿಂಗಳುಗಟ್ಟಲೆ ಬಾಡಿಗೆ ನಿಂತಿತು. ಕೊನೆಗೆ ಅಕ್ಕ ಒಂದು ಲಕ್ಷ ಕೊಟ್ಟು ಮನೆ ಬಿಡಿಸಿಕೊಂಡರು. ಆ ದುಡ್ಡಿಗೆ ಅವರ ಎರಡು ಬಳೆ ಹೋದವು.

ನೋಂದಣಿ ಇದ್ದರೆ ದಾರಿ ಬೇರೆ. ಅವಧಿ ಮುಗಿದ ಮೇಲೂ ಹೋಗದಿದ್ದರೆ 24ನೇ ಕಲಮಿನಡಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಮನೆ ಬಿಡುವವರೆಗೆ ಕರಾರಿನ ಬಾಡಿಗೆಯ ಎರಡು ಪಟ್ಟು ಕೊಡಬೇಕಾಗುತ್ತದೆ.

ಖರ್ಚು ಎಷ್ಟು ಗೊತ್ತೇ? ತಿಂಗಳಿಗೆ ಇಪ್ಪತ್ತು ಸಾವಿರ ಬಾಡಿಗೆ, ಒಂದು ಲಕ್ಷ ಡಿಪಾಸಿಟ್, ಹನ್ನೊಂದು ತಿಂಗಳು ಎನ್ನಿ. ಒಟ್ಟು ಬಾಡಿಗೆಗೆ ಡಿಪಾಸಿಟ್ ಮೇಲಿನ ಶೇ. 10ರ ವಾರ್ಷಿಕ ಬಡ್ಡಿ ಸೇರಿಸಿ, ಅದರ ಶೇ. 0.25 ಮುದ್ರಾಂಕ ಶುಲ್ಕ. ಆರುನೂರು ರೂಪಾಯಿಯೂ ಆಗುವುದಿಲ್ಲ. ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಇನ್ನು ಏಜಂಟರ ಕೂಲಿ. ಆಧಾರ್ ಇಟ್ಟುಕೊಂಡರೆ ಅವರೇ ಮನೆಗೆ ಬಂದು ಹೆಬ್ಬೆಟ್ಟು, ಫೋಟೋ ತೆಗೆದುಕೊಂಡು ಆನ್‌ಲೈನಿನಲ್ಲಿ ಮಾಡಿಕೊಡುತ್ತಾರೆ. ಒಂದು ಹೊಸ ಸೀರೆಯ ದುಡ್ಡು.

ಇಷ್ಟಾದರೂ ಹಿರಿಯರು ಹೆದರುತ್ತಾರೆ: "ಕಾಗದ ಮಾಡಿದರೆ ಮನೆ ಅವನದಾಗುತ್ತದೆ." ಆ ಭಯಕ್ಕೆ ಕಾರಣವಿದೆ. ಆಗಿನ ಬಾಂಬೆ ಬಾಡಿಗೆ ಕಾಯ್ದೆಗೆ ಮಾಡಿದ ತಿದ್ದುಪಡಿಯಿಂದ, 1973ರ ಫೆಬ್ರವರಿ 1ರಂದು ಲೈಸೆನ್ಸ್ ಮೇಲೆ ವಾಸವಿದ್ದವರು ಬಾಡಿಗೆದಾರರ ರಕ್ಷಣೆ ಪಡೆದರು. ಎಷ್ಟೋ ಮಾಲಕರ ಕೈಯಿಂದ ಮನೆ ಹೋದಂತೆಯೇ ಆಯಿತು. ಆದರೆ ಅದು ಆ ದಿನಕ್ಕೆ ಸೀಮಿತ. ಇವತ್ತು ಅಪಾಯ ಇರುವುದು ಕಾಗದ ಇಲ್ಲದ ಕಡೆಗೆ.

ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಡುವುದನ್ನೂ ಮರೆಯಬೇಡಿ. ಮುಂಬಯಿ ಪೊಲೀಸರ ವೆಬ್‌ಸೈಟಿನಲ್ಲೇ ಮಾಡಬಹುದು. ಸೊಸೈಟಿಗೆ ಕರಾರಿನ ಪ್ರತಿ ಕೊಡಿ. ಸೊಸೈಟಿ ಕೇಳುವ ನಾನ್ ಆಕ್ಯುಪೆನ್ಸಿ ಚಾರ್ಜ್ ಸೇವಾ ಶುಲ್ಕದ ಶೇ. 10ನ್ನು ಮೀರುವಂತಿಲ್ಲ. ಮತ್ತೆ, ಕೆಲಸಕ್ಕೆ ಹೋಗುವ ಒಂಟಿ ಹುಡುಗಿಯರಿಗೆ ಮನೆ ಕೊಡಬೇಡಿ ಎನ್ನುವ ಕಮಿಟಿಗಳಿವೆ. ನಾನಿದ್ದಾಗ ಅದಕ್ಕೆ ಒಪ್ಪಲಿಲ್ಲ. ಆ ಹುಡುಗಿಯರಿಗೂ ವಿಳಾಸಕ್ಕೆ, ಬ್ಯಾಂಕ್ ಖಾತೆಗೆ ಇದೇ ಕಾಗದ ಬೇಕು.

ಹಳೆಯ ಕರಾರು ಇದ್ದವರು ಚಹಾದ ಹೊತ್ತಿಗೆ ತನ್ನಿ, ಒಟ್ಟಿಗೆ ಓದೋಣ. ಕನ್ನಡಕ ತಂದಿದ್ದೇನೆ.