ಬಿಚ್ಚಿಟ್ಟ ಹಳೆಯ ಕಾರನ್ನು ಮಾರುವಾಗ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಯಾರ ಮನೆಯ ಹಿತ್ತಿಲಲ್ಲಾದರೂ ಎಂಜಿನ್ ಇಳಿಸಿದ ಹಳೆಯ ಫಿಯೆಟ್ಟೋ ಅಂಬಾಸಡರೋ ನಿಂತಿದ್ದರೆ, ಅದನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಒಂದು ಮಾತು.

ಬಿಚ್ಚಿದ ಕಾರು ಗುಜರಿಯಲ್ಲ; ಭಾಗಗಳು ಚೆದುರಿದರೆ ಗುಜರಿ. ಅಂಬಾಸಡರಿನ ತಯಾರಿಕೆ 2014ರಲ್ಲೇ ನಿಂತಿತು. ಆದುದರಿಂದ ಬಾಗಿಲ ಹಿಡಿ, ಕಾರ್ಬುರೇಟರು, ತಿರುಪುಗಳನ್ನೆಲ್ಲ ಡಬ್ಬಿಗಳಲ್ಲಿಟ್ಟು, ಹೆಸರು ಬರೆದು, ಕಾರಿನೊಡನೆಯೇ ಕೊಡಿರಿ. ಇಲ್ಲದ್ದನ್ನು ಇಲ್ಲವೆಂದೇ ಬರೆದುಕೊಡಿರಿ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ನೋಂದಣಿ ಪುಸ್ತಕ. ಚಾಸಿಸ್, ಎಂಜಿನ್ ಸಂಖ್ಯೆಗಳು ಅದಕ್ಕೆ ತಾಳೆಯಾಗಬೇಕು. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿ ಮೂಲರೂಪದಲ್ಲಿರುವ ಕಾರಿಗೆ ‘ವಿಂಟೇಜ್’ ಮಾನ್ಯತೆಯುಂಟು. 1956ಕ್ಕೆ ಮುಂಚಿನದಾದರೆ, ಈ ಸೀಮೆ ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಕಾಲದ ಕಾಗದಗಳನ್ನೂ ಜೋಪಾನವಾಗಿಡಿರಿ.

ರಾಜ್ಯದೊಳಗೆ ಮಾರಿದರೆ 14 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ತಪ್ಪಿದರೆ ಕಾರು ಮನೆ ಬಿಟ್ಟರೂ ಅದರ ಹೊಣೆ ಮನೆ ಬಿಡದು.