ಪಹಣಿಯಲ್ಲಿ ಬರೆಯುವ ಅಧಿಕಾರ

ಎಐ ಏಜೆಂಟ್ ಎಂದರೆ ಹೇಳಿದ ಕೆಲಸವನ್ನು ತಾನೇ ಹಂತಹಂತವಾಗಿ ಬಿಡಿಸಿಕೊಂಡು ಮಾಡಿ ಮುಗಿಸುವ ತಂತ್ರಾಂಶ. ಡೇಟಾಬೇಸನ್ನು ಓದುವಾಗ ಅದು ಎಡವಿದರೆ ತಪ್ಪು ಉತ್ತರ ಬರುತ್ತದೆ, ಇನ್ನೊಮ್ಮೆ ಕೇಳಬಹುದು. ಬರೆಯುವಾಗ ಎಡವಿದರೆ ದಾಖಲೆಯೇ ಕೆಡುತ್ತದೆ. ಆ ದಾಖಲೆಯನ್ನು ನಂಬಿ ಸಾಲ, ಮಾರಾಟ, ಪರಿಹಾರ ಎಲ್ಲವೂ ನಡೆದುಹೋಗುತ್ತವೆ.

2025ರ ಜುಲೈನಲ್ಲಿ ಅಮೆರಿಕದ ರೆಪ್ಲಿಟ್ ಕಂಪನಿಯ ಏಜೆಂಟ್ ಒಂದು ಬಳಕೆದಾರರೊಬ್ಬರ ಚಾಲ್ತಿ ಡೇಟಾಬೇಸನ್ನು ಅಳಿಸಿಹಾಕಿತು. ಏನನ್ನೂ ಬದಲಿಸಕೂಡದೆಂದು ಅದಕ್ಕೆ ಸ್ಪಷ್ಟವಾಗಿ ಹೇಳಲಾಗಿತ್ತು. ಅಳಿಸಿದ್ದನ್ನು ಮರಳಿ ಪಡೆಯಲಾಗದು ಎಂದೂ ಅದು ಹೇಳಿತು, ಆದರೆ ಪಡೆಯಲು ಸಾಧ್ಯವಾಯಿತು. ಬಾಯಿಮಾತಿನ ಸೂಚನೆಗೆ ಬೀಗದ ಬಲವಿಲ್ಲ, ತನ್ನ ಕೆಲಸದ ಬಗ್ಗೆ ಏಜೆಂಟ್ ಕೊಡುವ ವರದಿಯನ್ನು ಸಾಕ್ಷಿಯಾಗಿ ಹಿಡಿಯುವಂತಿಲ್ಲ ಎಂಬುದು ಅಲ್ಲಿ ಬಯಲಾಯಿತು. ಅಭಿವೃದ್ಧಿಯ ಡೇಟಾಬೇಸನ್ನೂ ಚಾಲ್ತಿಯದನ್ನೂ ಬೇರ್ಪಡಿಸುವುದಾಗಿ ಕಂಪನಿ ಆಮೇಲೆ ಪ್ರಕಟಿಸಿತು.

ಬೀಗ ಹೇಗಿರಬೇಕೆಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಮಾದರಿ ಇದೆ. ಕೆಜಿಎಫ್‌ನ ಕೋರಮಂಡಲ್ ಸುತ್ತಿನ ಹಳ್ಳಿಯಲ್ಲಾಗಲಿ, ಬಂಗಾರಪೇಟೆಯ ಬೂದಿಕೋಟೆ ಕಡೆಯಲ್ಲಾಗಲಿ ಜಮೀನು ಕೊಂಡವರ ಹೆಸರು ಜಮೀನಿನ ಹಕ್ಕುದಾಖಲೆಯಾದ ಪಹಣಿಗೆ ನೇರವಾಗಿ ಏರುವುದಿಲ್ಲ. 1964ರ ಭೂಕಂದಾಯ ಕಾಯ್ದೆಯ 128 ಮತ್ತು 129ನೇ ಕಲಮುಗಳ ಪ್ರಕಾರ ಮೊದಲು ವರದಿ, ಬಳಿಕ ಸಂಬಂಧಪಟ್ಟವರಿಗೆ ನೋಟಿಸು, ಆಕ್ಷೇಪಣೆಗೆ ಕಾಲಾವಕಾಶ, ಆಮೇಲೆ ಅಧಿಕಾರಿಯ ಆದೇಶ. ತಕರಾರು ಬಂದರೆ ಪ್ರಕರಣ ವಿವಾದದ ವಹಿಗೆ ಹೋಗುತ್ತದೆ. 2000ದ ಆಸುಪಾಸಿನಲ್ಲಿ ಬಂದ ಭೂಮಿ ಯೋಜನೆ ಇದೇ ಕ್ರಮವನ್ನು ಕಂಪ್ಯೂಟರಿಗೆ ತಂದಿತು. ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾವ ಬದಲಾವಣೆ ಯಾರದೆಂದು ಆಮೇಲೆ ಜಾರಿಕೊಳ್ಳುವಂತಿಲ್ಲ. ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇ ಮಾಡಬೇಕೆಂಬ ಕಟ್ಟೂ ಇತ್ತು. ನಂಬಿಕಸ್ಥ ನೌಕರನಿಗೂ ಇಷ್ಟು ಕಟ್ಟುಪಾಡು ಬೇಕಾಯಿತು ಎಂಬುದನ್ನು ಏಜೆಂಟ್ ಕಟ್ಟುವವರು ಮರೆಯಬಾರದು.

ಇಂಥ ದಾಖಲೆಯ ಬಳಿ ಏಜೆಂಟ್ ಬಂದರೆ ಅದರ ಪಾತ್ರ ವರದಿ ಸಲ್ಲಿಸುವವನದಾಗಬೇಕು, ಆದೇಶ ಹೊರಡಿಸುವವನದಲ್ಲ. ಪ್ರಸ್ತಾವಗಳ ಪ್ರತ್ಯೇಕ ಕೋಷ್ಟಕವೊಂದರಲ್ಲಿ ಮಾತ್ರ ಅದು ಬರೆಯಲಿ. ಮೂಲ ಕೋಷ್ಟಕಕ್ಕೆ ಓದುವ ಅನುಮತಿಯಷ್ಟೇ ಇರಲಿ. ಈ ನಿರ್ಬಂಧ ಡೇಟಾಬೇಸಿನ ಅನುಮತಿಯಲ್ಲೇ ಇರಬೇಕು, ಏಜೆಂಟಿಗೆ ಬರೆದುಕೊಟ್ಟ ಸೂಚನೆಯಲ್ಲಲ್ಲ. ಒಪ್ಪಿಗೆ ಸಿಕ್ಕ ಪ್ರಸ್ತಾವ ಮೂಲ ಕೋಷ್ಟಕಕ್ಕೆ ಏರುವಾಗಲೂ, ಒಂದು ಸರ್ವೆ ನಂಬರಿನ ಖಾತೆದಾರರ ಹೆಸರು ತಿದ್ದುವ 'ಅಪ್‌ಡೇಟ್' ಆದೇಶದಲ್ಲಿ 'ವೇರ್' ಎಂಬ ಷರತ್ತೊಂದು ಬಿಟ್ಟುಹೋದರೆ ಕೋಷ್ಟಕದ ಪ್ರತಿಯೊಂದು ಸಾಲಿಗೂ ಅದೇ ಹೆಸರು ಕೂರುತ್ತದೆ. ಒಂದಕ್ಕಿಂತ ಹೆಚ್ಚು ಸಾಲು ಬದಲಾಗುವಂತಿದ್ದರೆ ಅಲ್ಲೇ ನಿಲ್ಲಿಸಿ, ವ್ಯವಹಾರವನ್ನು ಪೂರ್ತಿ ರದ್ದು ಮಾಡುವ ಮಿತಿಯನ್ನು ಮೊದಲೇ ಇಡಬಹುದು. ಸಂಪರ್ಕ ಕಡಿದು ಏಜೆಂಟ್ ಅದೇ ಕೋರಿಕೆಯನ್ನು ಮತ್ತೆ ಕಳಿಸಿದಾಗ ಎರಡು ನಮೂದು ಆಗದಂತೆ ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಇರಬೇಕು.

ಇನ್ನೊಂದು ಅಪಾಯ ಅರ್ಜಿಯ ಒಳಗಿನಿಂದಲೇ ಬರುತ್ತದೆ. ಸ್ಕ್ಯಾನ್ ಮಾಡಿದ ಕಾಗದದಲ್ಲಿ 'ಈ ನಮೂದನ್ನು ತೆಗೆದುಹಾಕು' ಎಂದು ಯಾರೋ ಬರೆದಿಟ್ಟರೆ, ಏಜೆಂಟ್ ಅದನ್ನು ತನಗೆ ಬಂದ ಆಜ್ಞೆಯೆಂದೇ ಭಾವಿಸಬಹುದು. ಇದನ್ನು ಪೂರ್ತಿ ತಡೆಯುವ ಉಪಾಯ ಇನ್ನೂ ಸಿಕ್ಕಿಲ್ಲ. ಹಾಗಾಗಿ ಹೊರಗಿನವರ ಕಾಗದ ಓದುವ ಏಜೆಂಟಿನ ಕೈಗೆ ಅಳಿಸುವ ಅಧಿಕಾರ ಕೊಡದಿರುವುದೇ ಕ್ಷೇಮ.

ಮನುಷ್ಯರ ಒಪ್ಪಿಗೆಯೂ ಹೆಸರಿಗಷ್ಟೇ ಆಗಬಾರದು. ಒಟ್ಟಿಗೆ ನೂರು ಪ್ರಸ್ತಾವ ಮುಂದಿಟ್ಟರೆ ಯಾವ ಅಧಿಕಾರಿಯೂ ಓದಿ ಒಪ್ಪಿಗೆಯ ಗುಂಡಿ ಒತ್ತುವುದಿಲ್ಲ. ಹಳೆಯ ನಮೂದು, ಹೊಸ ನಮೂದು, ಆಧಾರದ ಕಾಗದ ಮೂರೂ ಒಂದೇ ಪರದೆಯ ಮೇಲೆ ಕಾಣಬೇಕು. ಬದಲಾವಣೆಯ ಜಾಡು ಏಜೆಂಟಿಗೆ ಮುಟ್ಟಲಾಗದ ಕಡೆ ಉಳಿಯಬೇಕು. ಬ್ಯಾಕಪ್ಪನ್ನೂ ಆಗಾಗ ಬೇರೆ ಯಂತ್ರದಲ್ಲಿ ಮರುಸ್ಥಾಪಿಸಿ, ಪಹಣಿ ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದು ನೋಡಬೇಕು.